ಹರ್ನಿಯಾ ಇಟ್ಟುಕೊಂಡು ಮೂರು ಹಿಂಗಾರು

ಇದು ಬೆಳೆಯ ವಿಷಯ ಅಲ್ಲ, ಬೆಳೆ ತೆಗೆಯುವವನ ಮೈಯ ವಿಷಯ. ಜಾಗ ಅಂಥದ್ದಾದ್ದರಿಂದ ಗಂಡಸರು ಇದನ್ನು ಕಟ್ಟೆಯ ಮೇಲೆ ಕೂತು ಮಾತಾಡುವುದಿಲ್ಲ. ನಾನೂ ಎಂಟು ವಾರ ಯಾರಿಗೂ ಹೇಳಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಡಾಕ್ಟರಲ್ಲ. ಅನುಭವಿಸಿದ್ದು, ಕೇಳಿ ತಿಳಿದದ್ದು, ಅಕ್ಕನ ಮಗಳು ಓದಿ ಹೇಳಿದ್ದು ಇಷ್ಟನ್ನು ಬರೆಯುತ್ತೇನೆ.

ನಮ್ಮದು ಕುರುಗೋಡು ಕಡೆ ಐದು ಎಕರೆ ಎರೆ ಹೊಲ. ಕಾಲುವೆ ನೀರು ಹತ್ತುವುದಿಲ್ಲ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮುಂಗಾರು ಒಪ್ಪಿದ ವರ್ಷ ಸಜ್ಜೆ, ತೊಗರಿ. 2022ರ ಜನವರಿಯಲ್ಲಿ ಕಡಲೆ ರಾಶಿ ಮುಗಿಸಿ ಚೀಲ ಟ್ರಾಲಿಗೆ ಏರಿಸುತ್ತಿದ್ದೆವು. ಕೂಲಿ ಆಳು ಒಬ್ಬ ಕಡಿಮೆ ಬಿದ್ದಿದ್ದ. ನಾನೇ ಹೆಗಲು ಕೊಟ್ಟೆ. ಹನ್ನೊಂದನೇ ಚೀಲವೋ ಹನ್ನೆರಡನೆಯದೋ, ಬಲಗಡೆ ತೊಡೆಸಂದಿನಲ್ಲಿ ಚಳುಕ್ ಅಂತು. ನರ ಹಿಡಿಯಿತು ಅಂದುಕೊಂಡೆ. ಹತ್ತಿರದ ಊರಲ್ಲಿ ಸೂಜಿ ಹಾಕುವವರೊಬ್ಬರು ಇದ್ದಾರೆ, ಅವರೂ ನರವೇ ಅಂದರು. ಎರಡು ಸೂಜಿ, ಒಂದು ಚೀಟಿ ಮಾತ್ರೆ. ನಾನು ಲುಂಗಿ ಬಿಚ್ಚಿ ತೋರಿಸಲಿಲ್ಲ, ಅವರೂ ನೋಡಬೇಕು ಅನ್ನಲಿಲ್ಲ. ಬಟ್ಟೆ ಮೇಲಿಂದಲೇ ರೋಗ ಗೊತ್ತಾಗಿಬಿಟ್ಟಿತ್ತು ನಮ್ಮಿಬ್ಬರಿಗೂ.

ಮಾರ್ಚಿನಲ್ಲಿ ಸ್ನಾನ ಮಾಡುವಾಗ ಕೆಮ್ಮು ಬಂತು. ಕೈಗೆ ನಿಂಬೆಹಣ್ಣಿನಷ್ಟು ಮೆತ್ತಗಿನ ಉಬ್ಬು ಸಿಕ್ಕಿತು. ಮಲಗಿದರೆ ಇಲ್ಲ, ಎದ್ದು ನಿಂತರೆ ಇದೆ. ಅವತ್ತು ಹೆದರಿಕೆಯಾಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಇದರಿಂದಲೇ ಒಂದು ಸಾವು ಆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮ ಅಕ್ಕನ ಮನೆ ಇದೆ. ಸಂತೆಗೆ ಹೋಗುವ ನೆಪ ಮಾಡಿ ಅಲ್ಲಿಗೆ ಹೋಗಿ ಭಾವನ ಕಿವಿಯಲ್ಲಿ ಹೇಳಿದೆ. ಅವರು ಮರುದಿನವೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋದರು. ನಮ್ಮ ಮಂದಿ ಇವತ್ತಿಗೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ ಅದು. ಡಾಕ್ಟರು ನಿಲ್ಲಿಸಿ ಕೆಮ್ಮಿಸಿದರು, ಬೆರಳಿಟ್ಟು ನೋಡಿದರು, ಮಲಗಿಸಿ ನೋಡಿದರು. ಐದು ನಿಮಿಷದ ಕೆಲಸ. "ಯಜಮಾನ್ರೇ, ಇದು ಹರ್ನಿಯಾ. ಇವತ್ತೇ ಆಪರೇಷನ್ ಆಗಬೇಕು ಅಂತೇನಿಲ್ಲ. ಆದ್ರೆ ಮಾತ್ರೆ, ಎಣ್ಣೆಯಿಂದ ಹೋಗ್ತೈತೆ ಅಂತ ಮಾತ್ರ ತಿಳಕೋಬೇಡ್ರಿ" ಅಂದರು.

ಈ ಎರಡು ಮಾತಿನ ನಡುವೆ ನಾನು ಮೂರು ಹಿಂಗಾರು ದಾಟಿದ್ದೇನೆ.

ಒಳಗೆ ಏನಾಗಿರುತ್ತದೆ

ಸೈಕಲ್ ಟೈರು ಒಂದು ಕಡೆ ಸವೆದಾಗ ಒಳಗಿನ ಟ್ಯೂಬು ಗುಳ್ಳೆಯಾಗಿ ಹೊರಗೆ ಬರುವುದನ್ನು ನೋಡಿದ್ದೀರಿ. ಹೊಟ್ಟೆಯ ಗೋಡೆ ಅನ್ನುವುದು ಟೈರು, ಒಳಗಿನ ಕರುಳು, ಕೊಬ್ಬಿನ ಪೊರೆ ಟ್ಯೂಬು. ಗೋಡೆ ಬಲಹೀನವಾದ ಕಡೆ ಒಳಗಿನದು ನುಗ್ಗುತ್ತದೆ. ನಮ್ಮ ಕಡೆ ಕರುಳು ಇಳಿಯೋದು ಅಂತಾರೆ, ಪುಸ್ತಕದಲ್ಲಿ ಅಂಡವಾಯು ಅಂತ ಬರೆದಿರುತ್ತದೆ.

ಗಂಡಸಿಗೇ ಯಾಕೆ ಹೆಚ್ಚು ಅಂತ ನಾನು ಕೇಳಿದೆ. ಗಂಡು ಮಗುವಿನ ಬೀಜಗಳು ಹುಟ್ಟುವುದು ಹೊಟ್ಟೆಯೊಳಗೆ. ತಾಯಿಯ ಗರ್ಭದಲ್ಲಿದ್ದಾಗಲೇ ಅವು ತೊಡೆಸಂದಿನ ಒಂದು ಓಣಿಯ ಮೂಲಕ ಕೆಳಗಿನ ಚೀಲಕ್ಕೆ ಇಳಿಯುತ್ತವೆ. ಆ ಓಣಿಯೇ ಜೀವನಪೂರ್ತಿ ಸಡಿಲ ಜಾಗ. ಒಡ್ಡಿಗೆ ತೂಬು ಇಟ್ಟ ಕಡೆಯೇ ಮೊದಲು ನೀರು ಜಿನುಗುವುದಿಲ್ಲವೇ, ಹಾಗೆ. ನೂರು ಗಂಡಸರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಆಯುಷ್ಯದಲ್ಲಿ ಒಮ್ಮೆಯಾದರೂ ಇದು ಬರುತ್ತದಂತೆ. ಅಂದರೆ ಊರ ಕಟ್ಟೆಯ ಮೇಲೆ ಎಂಟು ಮಂದಿ ಕೂತಿದ್ದರೆ ಇಬ್ಬರಿಗೆ ಇದೆ, ಇತ್ತು, ಇಲ್ಲವೇ ಬರುತ್ತದೆ. ಯಾರೂ ಬಾಯಿ ಬಿಡುವುದಿಲ್ಲ ಅಷ್ಟೇ.

ಭಾರ ಎತ್ತುವುದೊಂದೇ ಕಾರಣ ಅಲ್ಲ. ಹೊಟ್ಟೆಯೊಳಗಿನ ಒತ್ತಡ ಯಾವುದರಿಂದ ಏರಿದರೂ ಅದೇ. ಹಳೇ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ವಯಸ್ಸಾದವರು ಮೂತ್ರಕ್ಕೆ ತಿಣುಕುವುದು, ಹೊಟ್ಟೆ ಬೊಜ್ಜು. ಕೆಲವರಿಗೆ ಮನೆತನದಲ್ಲೇ ಗೋಡೆ ಸಡಿಲ. ಬೀಡಿ ಎರಡು ಕಡೆಯಿಂದ ಕೆಡಿಸುತ್ತದೆ: ಕೆಮ್ಮು ತರುತ್ತದೆ, ಗೋಡೆಯ ನಾರನ್ನೂ ಬಲಹೀನ ಮಾಡುತ್ತದೆ.

ಎಲ್ಲ ನೋವೂ ಹರ್ನಿಯಾ ಅಲ್ಲ

ನನ್ನ ತಪ್ಪು ತಿರುಗಾಮುರುಗಾ ಆದವರೂ ಇದ್ದಾರೆ. ನೋವು ಬರೀ ಸ್ನಾಯುವಿನದು, ಹರ್ನಿಯಾ ಅಂತ ತಿಳಿದು ಬೆಲ್ಟ್ ಕಟ್ಟಿಕೊಂಡು ತಿರುಗುವವರು. ಮನೆಯಲ್ಲಿ ನೋಡಿಕೊಳ್ಳುವುದು ಸುಲಭ. ಬೆಳಕಿರುವ ಕಡೆ ನಿಂತು ಎರಡೂ ತೊಡೆಸಂದು ನೋಡಿಕೊಳ್ಳಿ. ಕೆಮ್ಮಿ. ಒಂದು ಕಡೆ ಉಬ್ಬಿ ಬಂದು, ಮಲಗಿದ ಮೇಲೆ ಗುಳುಗುಳು ಅಂತ ಒಳಗೆ ಹೋದರೆ ಅದು ಹರ್ನಿಯಾ ಅನ್ನಲು ಅಡ್ಡಿಯಿಲ್ಲ. ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಬೇಕು.

ಬೀಜದ ಚೀಲವೇ ದಪ್ಪಗಾಗಿ, ಮಲಗಿದರೂ ಇಳಿಯದೆ ಹಾಗೇ ಇದ್ದರೆ ನೀರು ತುಂಬಿದ್ದು ಇರಬಹುದು, ಹೈಡ್ರೋಸಿಲ್. ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಕೆಂಪಗೆ ಬೆಳಕು ಕಾಣುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಟಾರ್ಚ್ ಪರೀಕ್ಷೆ ನಂಬಬೇಡಿ, ಅವರ ಕರುಳಿನ ಗೋಡೆ ತೆಳು, ಅದರಲ್ಲೂ ಬೆಳಕು ದಾಟುತ್ತದೆ. ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿನಲ್ಲಿ ಗಟ್ಟಿ ಗಂಟು ಬರುವುದು ಬೇರೆ, ಕಾಲಿನ ಗಾಯ ವಾಸಿಯಾದರೆ ಅದು ತಾನೇ ಕರಗುತ್ತದೆ. ಬೆನ್ನ ಪಕ್ಕದಿಂದ ಶುರುವಾಗಿ ತೊಡೆಸಂದಿಗೆ ಇಳಿಯುವ, ಹೊರಳಾಡಿಸುವ ನೋವು ಕಿಡ್ನಿ ಹರಳಿನದು. ಇನ್ನು ಕೆಲವರಿಗೆ ತೊಡೆ ಎಲುಬು ಸೊಂಟಕ್ಕೆ ಕೂಡುವ ಗುಂಡು ಕೀಲೇ ಸವೆದಿರುತ್ತದೆ. ಅವರಿಗೆ ಚಕ್ಕಲಮಕ್ಕಲ ಹಾಕಿ ಕೂಡಲಾಗುವುದಿಲ್ಲ, ನಡೆದರೆ ತೊಡೆಸಂದಿನಲ್ಲೇ ನೋವು. ಬಹಳ ಕುಡಿಯುವವರಿಗೆ, ಸ್ಟೀರಾಯ್ಡ್ ಮಾತ್ರೆ ತಿಂಗಳುಗಟ್ಟಲೆ ನುಂಗಿದವರಿಗೆ ಈ ಕೀಲಿನ ರಕ್ತ ನಿಂತು ಎಲುಬು ಕುಸಿಯುವುದುಂಟು. ನಾನು ತಿಂದ ಚೀಟಿ ಮಾತ್ರೆಯಲ್ಲಿ ಏನಿತ್ತೋ, ಕೇಳುವ ಬುದ್ಧಿ ನನಗಿರಲಿಲ್ಲ.

ಒಂದು ಮಾತು ತಾಯಂದಿರಿಗೆ. ಬೆಳೆಯುವ ಹುಡುಗನಿಗೆ ಒಮ್ಮೆಲೇ ಬೀಜದಲ್ಲಿ ಭಾರೀ ನೋವು, ವಾಂತಿ ಬಂದರೆ ಅದು ಬೀಜ ತಿರುಚಿಕೊಂಡದ್ದು ಇರಬಹುದು. ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುತ್ತದೆ. ಹುಡುಗ ನಾಚಿಕೆಗೆ ಹೊಟ್ಟೆನೋವು ಅಂತಷ್ಟೇ ಹೇಳಿಯಾನು, ಬಿಡಿಸಿ ಕೇಳಿ.

ಗಂಟಿಲ್ಲದ ಬರೀ ಸ್ನಾಯು ನೋವಿಗೆ ಕತ್ತರಿಯ ಕೆಲಸವೇ ಇಲ್ಲ. ಎರಡು ಮೂರು ವಾರ ಸುಧಾರಿಸಿಕೊಂಡು ಆಮೇಲೆ ಕಾಲಿಗೆ ಕಸರತ್ತು ಕೊಡಬೇಕು. ಡೆನ್ಮಾರ್ಕ್ ದೇಶದಲ್ಲಿ ಬಹಳ ದಿನದ ತೊಡೆಸಂದು ನೋವಿನ 68 ಆಟಗಾರರ ಮೇಲೆ ಮಾಡಿದ ಪರೀಕ್ಷೆ 1999ರಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ಕಸರತ್ತು, ಉಳಿದವರಿಗೆ ಮಾಲೀಸು, ಕರೆಂಟಿನ ಶಾಖ ಇತ್ಯಾದಿ. ಕೊನೆತನಕ ಉಳಿದವರಲ್ಲಿ ಕಸರತ್ತಿನ 29 ಮಂದಿಯ ಪೈಕಿ 23 ಮಂದಿ ನೋವಿಲ್ಲದೆ ಆಟಕ್ಕೆ ಮರಳಿದರು, ಶಾಖದ ಗುಂಪಿನ 30 ಮಂದಿಯಲ್ಲಿ ನಾಲ್ವರು ಮಾತ್ರ. ಆ ಕಸರತ್ತಿನಲ್ಲಿ ಮೊದಲನೆಯದು ಯಾರೂ ಮಾಡಬಹುದಾದದ್ದು. ಅಂಗಾತ ಮಲಗಿ ಎರಡು ಪಾದದ ನಡುವೆ ಮಕ್ಕಳ ಚೆಂಡು ಇಟ್ಟು 30 ಸೆಕೆಂಡು ಒತ್ತುವುದು, ಹತ್ತು ಸಲ. ಆಮೇಲೆ ಮೊಣಕಾಲು ಮಡಚಿ ಮೊಣಕಾಲ ನಡುವೆ ಅದೇ. ಎರಡು ಮೂರು ತಿಂಗಳು ಬಿಡದೆ ಮಾಡಬೇಕು. ನಮ್ಮ ಓಣಿಯ ಹುಡುಗನೊಬ್ಬ ಕಬಡ್ಡಿ ಆಡಿ ನೋವು ಮಾಡಿಕೊಂಡಿದ್ದ, ಚೆಂಡಿನ ಬದಲು ಸುತ್ತಿದ ಕಂಬಳಿ ಇಟ್ಟುಕೊಂಡು ಮಾಡಿ ಸುಧಾರಿಸಿಕೊಂಡ. ಇದರಿಂದ ಹರ್ನಿಯಾದ ತೂತು ಮುಚ್ಚುತ್ತದೆ ಅಂತ ಮಾತ್ರ ತಿಳಿಯಬಾರದು. ಯಾವ ಕಸರತ್ತಿನಿಂದಲೂ ಅದು ಮುಚ್ಚುವುದಿಲ್ಲ.

ದೊಡ್ಡಪ್ಪ

ನಮ್ಮ ದೊಡ್ಡಪ್ಪ ಗರಡಿ ಮನುಷ್ಯ. ಇಪ್ಪತ್ತು ವರ್ಷ ಹರ್ನಿಯಾ ಇತ್ತು ಅಂತ ಆಮೇಲೆ ಗೊತ್ತಾಯಿತು. ಲಂಗೋಟಿ ಬಿಗಿಯಾಗಿ ಕಟ್ಟಿ ತಡೆದಿದ್ದ. ನಾನಾಗ ಶಾಲೆ ಬಿಟ್ಟು ದನ ಕಾಯುತ್ತಿದ್ದೆ. ಜೋಳ ಕೊಯ್ಯುವ ಕಾಲ. ಒಂದು ಸಂಜೆ ಹೊಲದಿಂದ ಬಂದವನೇ ಅಂಗಳದಲ್ಲಿ ಮಡಚಿಕೊಂಡು ಮಲಗಿದ. ಗಂಟು ಕಲ್ಲಿನಂತಾಗಿತ್ತು. ಹೆಂಗಸರು ಉಪ್ಪು ಹುರಿದು ಕಾವು ಕೊಟ್ಟರು, ಹರಳೆಲೆ ಬಾಡಿಸಿ ಕಟ್ಟಿದರು, ಹರಳೆಣ್ಣೆ ಕುಡಿಸಿದರು. ರಾತ್ರಿ ವಾಂತಿ ಶುರುವಾಯಿತು. ಬೆಳಿಗ್ಗೆ ಬರೆ ಹಾಕುವವನನ್ನು ಕರೆಸಿದರು. ಕಬ್ಬಿಣ ಕಾಸಿ ಹೊಟ್ಟೆ ಮೇಲೆ ಮೂರು ಬರೆ. ಅಷ್ಟು ಹೊತ್ತಿಗೆ ದೊಡ್ಡಪ್ಪ "ನೋವು ಕಡಿಮೆ ಆತು" ಅಂದ. ಎಲ್ಲರೂ ಬರೆಯ ಗುಣ ಅಂದುಕೊಂಡರು. ಈಗ ತಿಳಿಯುತ್ತದೆ, ಸಿಕ್ಕಿಕೊಂಡ ಕರುಳು ಸತ್ತರೆ ಹಾಗೆ ನೋವು ಇಳಿದಂತೆ ಕಾಣುವುದುಂಟು. ಮೂರನೇ ದಿನ ಬಂಡಿ ಕಟ್ಟಿ, ಬಸ್ಸು ಹಿಡಿದು ಬಳ್ಳಾರಿಗೆ ಒಯ್ದರು. ತಡವಾಗಿತ್ತು.

ಹಸುವಿನ ಬಾಲಕ್ಕೆ ಬಿಗಿಯಾಗಿ ದಾರ ಕಟ್ಟಿ ಬಿಟ್ಟರೆ ಆ ಕಡೆಯ ಬಾಲ ಒಣಗಿ ಉದುರುತ್ತದೆ. ತೂತಿನಲ್ಲಿ ಸಿಕ್ಕ ಕರುಳಿಗೂ ಹಾಗೇ ರಕ್ತ ನಿಲ್ಲುತ್ತದೆ. ಬಾಲ ಉದುರಿದರೆ ಹಸು ಬದುಕುತ್ತದೆ, ಕರುಳು ಸತ್ತು ತೂತಾದರೆ ಹೊಟ್ಟೆಯೆಲ್ಲ ವಿಷ. ಇದಕ್ಕೆ ಲೆಕ್ಕ ದಿನದಲ್ಲಿಲ್ಲ, ಗಂಟೆಯಲ್ಲಿದೆ.

ಕಾಯಬಹುದೇ?

ದೊಡ್ಡಪ್ಪನನ್ನು ನೋಡಿದ ನಾನು ಡಾಕ್ಟರು "ಇವತ್ತೇ ಬೇಕಿಲ್ಲ" ಅಂದಾಗ ನಂಬಲಿಲ್ಲ. ಅಕ್ಕನ ಮಗಳು ನರ್ಸಿಂಗ್ ಓದುತ್ತಾಳೆ. "ಮಾಮ, ಇದನ್ನ ಅಮೆರಿಕದಾಗ ಪರೀಕ್ಷೆ ಮಾಡಿ ನೋಡ್ಯಾರ" ಅಂತ ಫೋನಿನಲ್ಲಿ ಓದಿ ಹೇಳಿದಳು. ಹರ್ನಿಯಾ ಇದ್ದೂ ನೋವಿಲ್ಲದ ಅಥವಾ ಸ್ವಲ್ಪವೇ ನೋವಿದ್ದ 720 ಗಂಡಸರನ್ನು ತಗೊಂಡು ಅರ್ಧದಷ್ಟು ಮಂದಿಗೆ ಆಪರೇಷನ್ ಮಾಡಿದರು, ಉಳಿದವರನ್ನು ಬರೀ ಗಮನಿಸುತ್ತ ಬಿಟ್ಟರು. ಫಲಿತಾಂಶ 2006ರಲ್ಲಿ ಬಂತು. ಸುಮ್ಮನೆ ಬಿಟ್ಟವರಲ್ಲಿ ಕರುಳು ಸಿಕ್ಕಿಕೊಂಡದ್ದು ಸಾವಿರ ಮಂದಿಗೆ ವರ್ಷಕ್ಕೆ ಇಬ್ಬರಿಗಿಂತ ಕಡಿಮೆ ಲೆಕ್ಕ. ಅಂದರೆ ಕಾಯುವುದು ಹುಚ್ಚುತನ ಅಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎರಡು ವರ್ಷದಲ್ಲಿ ಕಾದವರ ಪೈಕಿ ನೂರಕ್ಕೆ 23 ಮಂದಿ ತಾವಾಗಿಯೇ ಬಂದು ಆಪರೇಷನ್ ಮಾಡಿಸಿಕೊಂಡರು, ಹೆಚ್ಚಿನವರು ನೋವು ಜಾಸ್ತಿಯಾಗಿ. ಅದೇ ಮಂದಿಯನ್ನು ಮುಂದೆಯೂ ನೋಡಿ 2013ರಲ್ಲಿ ಬರೆದರು: ಹತ್ತು ವರ್ಷಕ್ಕೆ ನೂರಕ್ಕೆ 68. ಹಾಗಾದರೆ ಆಪರೇಷನ್ ಇಲ್ಲದೆ ನಿಭಾಯಿಸುವುದು ಅಂದರೆ ಬಹಳ ಮಂದಿಗೆ ತಪ್ಪಿಸಿಕೊಳ್ಳುವುದಲ್ಲ, ಮುಂದಕ್ಕೆ ಹಾಕುವುದು. ನನಗೆ ಅಷ್ಟೇ ಬೇಕಾಗಿತ್ತು. ಬಿತ್ತನೆ ನಡುವೆ ಬೀಳಬಾರದು, ರಾಶಿ ನಡುವೆ ಬೀಳಬಾರದು, ಮಗಳ ಮದುವೆ ಸಾಲ ತೀರಬೇಕು. ಮಲಗುವ ದಿನ ನಾನೇ ಆರಿಸಿಕೊಳ್ಳಬೇಕು, ಅದು ನನ್ನನ್ನು ಆರಿಸಿಕೊಳ್ಳಬಾರದು.

ಬೇಗ ಮಾಡಿಸಿಕೊಂಡರೆ ತೊಂದರೆಯೇ ಇಲ್ಲ ಅಂತಲೂ ಅಲ್ಲ. ಆಪರೇಷನ್ ಆದ ನೂರರಲ್ಲಿ ಹತ್ತು ಮಂದಿಗಾದರೂ ತಿಂಗಳುಗಟ್ಟಲೆ ಆ ಜಾಗದಲ್ಲಿ ಏನಾದರೊಂದು ನೋವು ಉಳಿಯುತ್ತದೆ. ನೋವೇ ಇಲ್ಲದವನು ನೋವು ಕೊಂಡುಕೊಳ್ಳಬೇಕೇ ಅಂತ ಯೋಚಿಸುವುದು ತಪ್ಪಲ್ಲ.

ಈ ಕಾಯುವ ಮಾತು ಬೆಳೆದ ಗಂಡಸಿಗೆ, ಅದೂ ಗಂಟು ಸಲೀಸಾಗಿ ಒಳಗೆ ಹೋಗುವವನಿಗೆ ಮಾತ್ರ. ಹೆಂಗಸರಿಗೆ ತೊಡೆಸಂದಿನ ಹರ್ನಿಯಾ ಬಂದರೆ ಕಾಯಬಾರದು. ಅವರಿಗೆ ತೊಡೆಯ ರಕ್ತನಾಳದ ಪಕ್ಕದ ಇಕ್ಕಟ್ಟು ಜಾಗದಲ್ಲಿ ಬರುವುದು ಹೆಚ್ಚು, ಬೇಗ ಸಿಕ್ಕಿಕೊಳ್ಳುತ್ತದೆ. ಕೂಸುಗಳಿಗೂ ತೊಡೆಸಂದಿನದು ಬೇಗ ಮಾಡಿಸಬೇಕು. ಕೂಸಿನ ಹೊಕ್ಕುಳ ಉಬ್ಬುವುದು ಬೇರೆ, ಅದು ಬಹುಪಾಲು ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚುತ್ತದೆ. ಅದರ ಮೇಲೆ ರೂಪಾಯಿ ಬಿಲ್ಲೆ ಇಟ್ಟು ಕಟ್ಟುವ ರೂಢಿ ನಮ್ಮಲ್ಲಿ ಇದೆ. ಅದರಿಂದ ಮುಚ್ಚುವುದಿಲ್ಲ, ಚರ್ಮ ಹುಣ್ಣಾಗುತ್ತದೆ.

ನಾನು ಬದಲಿಸಿದ್ದು

ಮೊದಲನೆಯದು ಬೀಡಿ. ದಿನಕ್ಕೆ ಒಂದು ಕಟ್ಟು ಸೇದುತ್ತಿದ್ದೆ. ಬಿಟ್ಟ ನಾಲ್ಕು ತಿಂಗಳಿಗೆ ಬೆಳಗಿನ ಕೆಮ್ಮು ಹೋಯಿತು. ಕೆಮ್ಮು ನಿಂತ ಮೇಲೆ ಗಂಟು ಹೊರಬರುವುದು ಅರ್ಧ ಕಡಿಮೆಯಾಯಿತು. ಔಷಧಿ ಅಂತ ಕರೆಯುವುದಾದರೆ ನನಗೆ ಸಿಕ್ಕ ಔಷಧಿ ಇದೊಂದೇ. ಎರಡು ವಾರ ದಾಟಿದ ಕೆಮ್ಮು ಇದ್ದವರು ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಸೀನು, ಕೆಮ್ಮು ಬಂದಾಗ ಅಂಗೈಯಿಂದ ಆ ಜಾಗ ಒತ್ತಿ ಹಿಡಿಯುವುದು ಈಗ ರೂಢಿಯಾಗಿಬಿಟ್ಟಿದೆ. ಜೋಳದ ರಾಶಿ ಮಾಡುವಾಗ ಮೂಗಿಗೆ ಒದ್ದೆ ಟವೆಲು.

ಎರಡನೆಯದು ಮಲ ಸಲೀಸಾಗುವುದು. ಜೋಳದ ರೊಟ್ಟಿ ಮನೆಯಲ್ಲಿ ಇದ್ದೇ ಇದೆ. ಆದರೆ ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ನೀರು ಕುಡಿಯುವುದು ಮರೆಯುತ್ತಿತ್ತು. ಈಗ ಎರಡು ಬಾಟಲಿ ಕಟ್ಟಿಕೊಂಡು ಹೋಗುತ್ತೇನೆ. ತಿಣುಕಿ ಕೂಡುವುದಿಲ್ಲ, ಬರದಿದ್ದರೆ ಎದ್ದು ಬರುತ್ತೇನೆ.

ಮೂರನೆಯದು ಭಾರ. ಇದೇ ಕಷ್ಟದ್ದು, ಒಣಬೇಸಾಯದವನಿಗೆ ಭಾರ ಬಿಟ್ಟರೆ ಉಳಿದದ್ದೇನು? ಯೂರಿಯಾ ಚೀಲ 2018ರಿಂದ 50 ಹೋಗಿ 45 ಕಿಲೋ ಆಗಿದೆ, ಡಿಎಪಿ 50 ಕಿಲೋನೇ ಇದೆ. ಈಗ ಅಂಗಡಿಯಿಂದ ಬಂದದ್ದನ್ನು ಬಂಡಿಯಲ್ಲೇ ಬಿಚ್ಚಿ ಪುಟ್ಟಿಯಲ್ಲಿ ಇಳಿಸುತ್ತೇವೆ. ನನ್ನ ಕಡಲೆಯನ್ನು 25 ಕಿಲೋದ ಚೀಲಕ್ಕೇ ತುಂಬಿಸುತ್ತೇನೆ. ಹಮಾಲರು ಗೊಣಗಿದರು, ಹೊಲಿಗೆ ದಾರ ಎರಡರಷ್ಟು ಹಿಡಿಯಿತು, ಅಷ್ಟೇ ನಷ್ಟ. ಬೆನ್ನಿಗೆ ಹಾಕುವ 16 ಲೀಟರಿನ ಪಂಪಿಗೆ 10 ಲೀಟರ್ ಮಾತ್ರ ತುಂಬುತ್ತೇನೆ. ನೆಲದಿಂದ ಎತ್ತಿ ಬೆನ್ನಿಗೆ ಹಾಕುವುದಿಲ್ಲ, ಬಂಡಿಯ ಮೇಲಿಟ್ಟು ಬೆನ್ನು ಕೊಡುತ್ತೇನೆ.

ಕಣದಲ್ಲಿ ಮಾಡಿದ ಒಂದು ಉಪಾಯ ಬೇರೆಯವರಿಗೂ ಬರುತ್ತದೆ. ನಮ್ಮ ಕಣ ಒಡ್ಡಿನ ಮೇಲ್ಗಡೆ ಇದೆ. ಒಡ್ಡಿನ ಕೆಳಗಿನ ತಗ್ಗಿನಲ್ಲಿ ಟ್ರಾಲಿ ಹಿಂದಕ್ಕೆ ತಂದು ನಿಲ್ಲಿಸಿದರೆ ಟ್ರಾಲಿಯ ತಳ ಕಣದ ಸಮಕ್ಕೆ ಬರುತ್ತದೆ. ಒಂದು ಹಲಗೆ ಹಾಕಿ ಚೀಲ ಎಳೆದುಕೊಂಡು ಹೋದರೆ ಎತ್ತುವ ಮಾತೇ ಇಲ್ಲ. ಮೂವತ್ತು ವರ್ಷ ಎದೆಮಟ್ಟಕ್ಕೆ ಎತ್ತಿದ್ದೇವೆ, ಇದು ಹೊಳೆದಿರಲಿಲ್ಲ. ಎತ್ತಲೇಬೇಕಾದಾಗ ಮೊಣಕಾಲು ಮಡಚಿ, ಭಾರವನ್ನು ಮೈಗೆ ಹತ್ತಿರ ಹಿಡಿದು, ಉಸಿರು ಹೊರಗೆ ಬಿಡುತ್ತ ಏಳಬೇಕು. ಉಸಿರು ಬಿಗಿಹಿಡಿದು "ಹುಪ್" ಅಂತ ಎತ್ತುವುದೇ ಒಳಗಿನ ಒತ್ತಡ ಏರಿಸುವುದು.

ಇಷ್ಟೆಲ್ಲ ತಿಳಿದೂ ಒಂದು ಸಲ ಕೆಟ್ಟೆ. 2022ರ ಅಕ್ಟೋಬರಿನಲ್ಲಿ ಹಿಂಗಾರಿ ಬೀಜ ಹೇರಿದ ಬಂಡಿ ಎರೆಯಲ್ಲಿ ಹೂತಿತು. ಎತ್ತುಗಳ ಕಷ್ಟ ನೋಡಲಾರದೆ ಗಾಲಿಗೆ ಹೆಗಲು ಕೊಟ್ಟೆ. ಬಂಡಿ ಎದ್ದಿತು, ಗಂಟೂ ಎದ್ದಿತು. ಕೈಮುಷ್ಟಿಯಷ್ಟು. ಮಲಗಿದರೂ ಹೋಗಲಿಲ್ಲ. ಬೇವಿನ ಮರದ ಕೆಳಗೆ ಗೋಣಿಚೀಲ ಮಡಚಿ ಸೊಂಟದಡಿ ಇಟ್ಟು, ಮೊಣಕಾಲು ಮಡಚಿ ಅಂಗಾತ ಮಲಗಿದೆ. ಗಟ್ಟಿಯಾಗಿ ತುರುಕಬಾರದು ಅಂತ ಡಾಕ್ಟರು ಹೇಳಿದ್ದು ನೆನಪಿತ್ತು. ಮೇಲೆ ದೊಡ್ಡಪ್ಪನ ಮುಖ ಕಾಣುತ್ತಿತ್ತು. ಮಗ ಬೈಕ್ ಶುರು ಮಾಡಿಕೊಂಡು ನಿಂತಿದ್ದ. ಅರ್ಧ ಗಂಟೆಯಾದ ಮೇಲೆ ಗುಳಕ್ ಅಂತ ಒಳಗೆ ಹೋಯಿತು. ಅವತ್ತಿನಿಂದ ಹೂತ ಬಂಡಿಗೆ ಟ್ರ್ಯಾಕ್ಟರ್ ಕರೆಸುತ್ತೇನೆ, ಬಾಡಿಗೆ ಎಷ್ಟಾದರೂ ಸರಿ. ಮರುವರ್ಷ 2023ರಲ್ಲಿ ಬರ ಬಿತ್ತು. ಹೊಲದಲ್ಲಿ ಕೆಲಸವೇ ಇರಲಿಲ್ಲ. ಬರದಿಂದ ಸುಖ ಕಂಡದ್ದು ನನ್ನ ಹರ್ನಿಯಾ ಒಂದೇ.

ಬೆಲ್ಟಿನ ಮಾತು

ಬ್ರೂಸ್‌ಪೇಟೆಗೆ ಹೋದಾಗ ಪೇಟೆಯ ಅಂಗಡಿಯೊಂದರಲ್ಲಿ 450 ರೂಪಾಯಿ ಕೊಟ್ಟು ಬೆಲ್ಟ್ ತಂದೆ. ಅಂಗಡಿಯವನು "ಆರು ತಿಂಗಳು ಕಟ್ರಿ, ವಾಸಿ ಆಗ್ತೈತೆ" ಅಂದ. ಆಗುವುದಿಲ್ಲ. ಬೆಲ್ಟ್ ತೂತಿಗೆ ಅಡ್ಡ ಹಿಡಿದ ಕೈ, ತೂತಿಗೆ ಹಾಕಿದ ತೇಪೆ ಅಲ್ಲ. ಮೇಲಾಗಿ ಅವನು ಕೊಟ್ಟದ್ದು ಸೊಂಟದ ಬೆಲ್ಟು. ಅದನ್ನು ಬಿಗಿದರೆ ಹೊಟ್ಟೆಯ ಒತ್ತಡ ಕೆಳಗೆ ಹೋಗಿ ಗಂಟು ಇನ್ನೂ ಹೊರಗೆ ಬಂತು. ಎರಡನೇ ಸಲ ಅಳತೆ ಕೊಟ್ಟು, ತೊಡೆಸಂದಿಗೆ ಮೆತ್ತೆ ಇರುವುದನ್ನು ತಂದೆ.

ಕಟ್ಟುವ ರೀತಿ ಮುಖ್ಯ. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿದ್ದಾಗಲೇ, ಗಂಟು ಪೂರ್ತಿ ಒಳಗಿದ್ದಾಗ ಕಟ್ಟಬೇಕು. ನಿಂತು, ಗಂಟು ಹೊರಗಿದ್ದಾಗ ಕಟ್ಟಿದರೆ ಕರುಳಿನ ಮೇಲೆಯೇ ಬಿಗಿದಂತೆ. ಒಳಗೆ ಹೋಗದ ಗಂಟಿನ ಮೇಲೆ ಬೆಲ್ಟ್ ಕಟ್ಟಲೇಬಾರದು. ರಾತ್ರಿ ತೆಗೆಯಬೇಕು. ನಮ್ಮ ಬಳ್ಳಾರಿ ಬಿಸಿಲಲ್ಲಿ ಬೆವರಿ ಅಲ್ಲಿ ಹುಳುಕಡ್ಡಿ ಆಗುತ್ತದೆ. ಎರಡು ಬೆಲ್ಟ್ ಇಟ್ಟುಕೊಂಡು ಒಂದನ್ನು ಒಗೆದು ಒಣಗಿಸುವುದು ಒಳ್ಳೆಯದು. ನಾನು ಕೆಲಸದ ದಿನ ಮಾತ್ರ ಕಟ್ಟುತ್ತೇನೆ. ನೋವು ಕಡಿಮೆ ಅನ್ನಿಸುತ್ತದೆ, ಅಷ್ಟೇ. ಇದರಿಂದ ಗುಣ ಇದೆ ಅಂತ ಡಾಕ್ಟರುಗಳೂ ಗಟ್ಟಿಯಾಗಿ ಹೇಳುವುದಿಲ್ಲ.

ಕಾಯಲೇಬಾರದ ಹೊತ್ತು

ಇದನ್ನು ಮನೆಯವರಿಗೂ ಓದಿ ಹೇಳಿ. ಒಳಗೆ ಹೋಗುತ್ತಿದ್ದ ಗಂಟು ಹೋಗದೆ ಗಟ್ಟಿಯಾಯಿತು, ಮುಟ್ಟಿದರೆ ನೋವು, ಮೇಲಿನ ಚರ್ಮ ಕೆಂಪಗೋ ಕಪ್ಪಗೋ ಆಯಿತು, ವಾಂತಿ, ಹೊಟ್ಟೆ ಉಬ್ಬರ, ಗಾಳಿಯೂ ಹೋಗದು, ಜ್ವರ. ಇವೆಲ್ಲ ಕೂಡಿ ಬರಲಿ ಅಂತ ಕಾಯಬೇಡಿ. ಗಂಟು ಗಟ್ಟಿಯಾಗಿ ನೋವು ಬಂದರೆ ಅದೊಂದೇ ಸಾಕು. ಕಾವು ಬೇಡ, ತಿಕ್ಕುವುದು ಬೇಡ, ಭೇದಿಗೆ ಎಣ್ಣೆ ಬೇಡ, ತುರುಕುವುದು ಬೇಡ, ಬರೆಯಂತೂ ಬೇಡವೇ ಬೇಡ. ಅನ್ನ ನೀರು ಕೊಡಬೇಡಿ, ಅರಿವಳಿಕೆ ಕೊಡಬೇಕಾದೀತು. 108ಕ್ಕೆ ಫೋನು ಮಾಡಿ, ಬರುವುದು ತಡವಾದರೆ ಸಿಕ್ಕ ಗಾಡಿ ಹತ್ತಿ, ಆಪರೇಷನ್ ಆಗುವಂಥ ಆಸ್ಪತ್ರೆಗೇ ಹೋಗಿ. ದೊಡ್ಡಪ್ಪನ ಕಾಲದಲ್ಲಿ 108 ಇರಲಿಲ್ಲ, ನಮ್ಮ ರಾಜ್ಯಕ್ಕೆ ಅದು ಬಂದದ್ದು 2008ರಲ್ಲಿ. ಆದರೆ ಅವನನ್ನು ತಡೆದದ್ದು ಗಾಡಿ ಇಲ್ಲದ್ದಲ್ಲ. ಬಸ್ಸು ಮೊದಲನೇ ದಿನವೂ ಇತ್ತು.

ಖರ್ಚು, ಮತ್ತು ಮುಂದಿನ ಬೇಸಿಗೆ

ಬಹಳ ಮಂದಿ ಕಾಯುವುದು ಖರ್ಚಿಗೆ ಹೆದರಿ. ರೇಷನ್ ಕಾರ್ಡು ಬಿಪಿಎಲ್ ಇದ್ದರೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಬಹುದು. 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿದ್ದ ಯಶಸ್ವಿನಿ 2022-23ರಿಂದ ಮತ್ತೆ ನಡೆದಿದೆ, ಸೊಸೈಟಿಯ ಸದಸ್ಯರು ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಬೇಕು.

ತೂತಿಗೆ ಈಗ ಒಂದು ಬಲೆ ಇಟ್ಟು ಹೊಲಿಯುತ್ತಾರೆ. ಕಂಪನಿಯ ಬಲೆ ತುಟ್ಟಿ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯ್ಚಾ ಅನ್ನುವ ಸಣ್ಣ ಊರಿನ ಡಾಕ್ಟರ್ ರವೀಂದ್ರನಾಥ ಟೊಂಗಾಂವ್ಕರ್ ಅವರು ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಶುದ್ಧ ಮಾಡಿ ಬಡವರಿಗೆ ಹಾಕಿ, 2003ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಆಫ್ರಿಕಾದ ಉಗಾಂಡದಲ್ಲಿ 302 ಮಂದಿಯ ಮೇಲೆ ಹೋಲಿಸಿ ನೋಡಿದ ಫಲಿತಾಂಶ 2016ರಲ್ಲಿ ಬಂತು, ಒಂದು ವರ್ಷದ ಮೇಲೂ ಸೊಳ್ಳೆಪರದೆಗೂ ಕಂಪನಿ ಬಲೆಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ನಮ್ಮ ಬೀಜ ಗೊಬ್ಬರದಲ್ಲೂ ಇಂಥ ತುಟ್ಟಿ ಬಲೆಗಳು ಎಷ್ಟಿವೆಯೋ.

ಈಗ ನನ್ನ ಗಂಟು ಮೊದಲಿನ ಹಾಗಿಲ್ಲ. ಈ ವರ್ಷ ಕೆಳಗೆ ಚೀಲದ ಕಡೆ ಇಳಿಯತೊಡಗಿದೆ, ಸಂಜೆ ಹೊತ್ತಿಗೆ ಜಗ್ಗಿದಂತಾಗುತ್ತದೆ. ಆ ನೂರರಲ್ಲಿ 68ರ ಪೈಕಿ ನಾನೂ ಒಬ್ಬ. ಮತ್ತೆ ಹೋಗಿ ತೋರಿಸಿದೆ. "ಕಾದದ್ದು ತಪ್ಪಲ್ಲ, ಇನ್ನು ಬಹಳ ಕಾಯಬೇಡ್ರಿ" ಅಂದರು. ಕಡಲೆ ರಾಶಿ ಮುಗಿದು, ಕುರುಗೋಡು ದೊಡ್ಡಬಸವೇಶ್ವರನ ತೇರು ಎಳೆದಾದ ಮೇಲೆ ಅಂತ ಮಾತಾಗಿದೆ. ಆಮೇಲೆ ಮುಂಗಾರಿನ ತನಕ ಹೊಲ ಖಾಲಿ ಇರುತ್ತದೆ. ಎತ್ತುಗಳ ಮೇವು ನೀರಿಗೆ ತಮ್ಮನ ಮಗ ಒಪ್ಪಿದ್ದಾನೆ. ಸೊಪ್ಪೆ ಬಣವೆ ಎತ್ತರಕ್ಕೆ ಒಟ್ಟದೆ ಎರಡಾಗಿ ತಗ್ಗಿಗೆ ಒಟ್ಟಿಸಿದ್ದೇನೆ, ಹುಡುಗನ ಕೈಗೆ ಎಟುಕಬೇಕಲ್ಲ. ಆಸ್ಪತ್ರೆಯ ಚೀಟಿ, ರೇಷನ್ ಕಾರ್ಡು, ಆಧಾರ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ದೇವರ ಮನೆಯ ಮೊಳೆಗೆ ತೂಗುಹಾಕಿದೆ. ಅಷ್ಟರೊಳಗೆ ಗಂಟು ಗಟ್ಟಿಯಾದರೆ ಆ ಚೀಲ ತಗೊಂಡು ಹೊರಡುವುದು, ಬೇರೇನೂ ಹುಡುಕಬೇಡ ಅಂತ ಮನೆಯವರಿಗೆ ಹೇಳಿಟ್ಟಿದ್ದೇನೆ.